ನಡುವಿನ ಮಹಡಿಯ ಮೇಷ್ಟ್ರು

ಮೇಷ್ಟ್ರು ಬಾಗಿಲು ತೆರೆಯಬಾರದಿತ್ತು. ತೆರೆದದ್ದೂ ಒಂದೇ ಒಂದು ಮಾತು ಹೇಳಿ ಮುಚ್ಚುವುದಕ್ಕೆ.

ಸಂಜೆ ಐದರೊಳಗೆ ಅವರ ಲೇಖನ ಹೋಗಬೇಕಿತ್ತು. ಹೋದರೆ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರ ಕುರ್ಚಿ. ತಪ್ಪಿದರೆ ಅದು ಎದುರು ಮೇಜಿನ ನಗುಮುಖದವನ ಪಾಲು. ಜಗಳದಲ್ಲಿ ಮಧ್ಯಸ್ಥಿಕೆ ಎಂಬುದು ಎಂಥ ಬೂಟಾಟಿಕೆ ಎನ್ನುವುದೇ ಲೇಖನದ ವಿಷಯ. ಬೆಳಿಗ್ಗೆಯಿಂದ ಮೂರು ಸಾಲು ಆಗಿತ್ತು. ಮೂರನೆಯದು ಅವರಿಗೇ ಬಹಳ ಹಿಡಿಸಿ, ಕೆಲಸಕ್ಕೆ ಹೊರಟಿದ್ದ ಹೆಂಡತಿಯನ್ನು ತಡೆದು ಓದಿ ಹೇಳಿದ್ದರು: 'ಮಧ್ಯಸ್ಥನಿಗೆ ಪಕ್ಷವಿಲ್ಲವೆಂಬುದು ಸುಳ್ಳು, ಅವನಿಗೂ ಅವನದೇ ಒಂದು ಲಾಭವಿರುತ್ತದೆ.' ಆಕೆ "ಹೂಂ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದಳು.

ಅಷ್ಟರಲ್ಲಿ ಬಾಗಿಲ ಹೊರಗೆ ಜಗಳ ಶುರುವಾಯಿತು. ಮೇಲಿನ ಮಹಡಿಯ ಟೈಲರಮ್ಮ ಇಳಿದು ಬಂದಿದ್ದಳು, ಕೆಳಗಿನ ಮನೆಯ ತುತ್ತೂರಿ ತಾತ ಹತ್ತಿ ಬಂದಿದ್ದರು. ನಡುವೆ ಸಿಕ್ಕಿದ್ದು ಮೇಷ್ಟ್ರ ಹೊಸ್ತಿಲು.

"ನೀವು ಮೆರವಣಿಗೆ ಧಾಟಿ ಊದಿದ್ರೆ ನನ್ನ ಕಾಲು ಮಷೀನ್ ಮೇಲೆ ತಾನಾಗೇ ಓಡುತ್ತೆ. ನಿನ್ನೆ ಒಂದು ಕೋಟ್‌ಗೆ ತೋಳು ಹಚ್ಚೋಕೆ ಹೋಗಿ ಜೇಬನ್ನೂ ಸೇರಿಸಿ ಹೊಲಿದುಬಿಟ್ಟೆ."

"ನಿನ್ನ ಮಷೀನ್ ಕಟಕಟ ಅಂತ ಬೇರೆ ತಾಳ ಹಾಕಿದ್ರೆ ನಾನು ಉಸಿರು ಎಲ್ಲಿ ಎಳ್ಕೊಳ್ಳಲಿ?"

ಮೇಷ್ಟ್ರು ತಲೆ ಹೊರಹಾಕಿ, "ಸ್ವಲ್ಪ ಕೆಳಗೆ ಹೋಗಿ ಜಗಳ ಆಡ್ತೀರಾ?" ಎಂದರು.

"ಅಂದ್ರೆ ಗದ್ದಲ ಎಲ್ಲ ಕೆಳಗಿನವನದು ಅಂತ," ತಾತ ಮುನಿದರು.

"ಹಾಗಾದ್ರೆ ಮೇಲೆ ಹೋಗಿ."

ಈಗ ಟೈಲರಮ್ಮನ ಮುಖ ಊದಿಕೊಂಡಿತು.

"ಅಯ್ಯೋ, ನಾನು ಯಾರ ಪಕ್ಷವೂ ಅಲ್ಲ. ರಾಜಿ ಮಾಡ್ಸೋದು ಅಂದ್ರೇನೇ ನನಗಾಗಲ್ಲ."

"ಹಾಗಿದ್ರೆ ಮಧ್ಯಸ್ಥಿಕೆಗೆ ನೀವೇ ಸರಿ," ಎಂದು ಇಬ್ಬರೂ ಆ ದಿನ ಮೊದಲ ಸಲ ಒಂದೇ ಮಾತಾಡಿ, ತಂತಮ್ಮ ಮನೆಗೆ ಹೋಗಿ ಕೂತರು.

ಬಿಟ್ಟರೆ ಮತ್ತೆ ಬಾಗಿಲಿಗೇ ಬರುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಸೋಣವೆಂದು ಮೇಷ್ಟ್ರು ಮೆಟ್ಟಿಲು ಹತ್ತಿದರು. "ಆ ತುತ್ತೂರಿ ಬಾಯನ್ನೇ ಹೊಲಿದು ಮುಚ್ತೀನಿ ಅಂತ ಹೇಳಿ," ಎಂದಳು ಟೈಲರಮ್ಮ. ಕೆಳಗಿಳಿದು ಮೇಷ್ಟ್ರು, "ನಿಮ್ಮ ತುತ್ತೂರಿಗೆ ಒಂದು ಗವಸು ಹೊಲಿದುಕೊಡಬೇಕು ಅಂತಿದ್ದಾಳೆ," ಎಂದರು. ತಾತ ಮಷೀನನ್ನು ಕಿಟಕಿಯಿಂದ ಎಸೆಯುತ್ತೇನೆಂದರು. "ನಿಮ್ಮ ಮಷೀನು ಕಿಟಕಿ ಹತ್ತಿರ ಇದ್ರೆ ಬೆಳಕು ಚೆನ್ನಾಗಿ ಬೀಳುತ್ತಂತೆ," ಎಂದು ಮೇಲಕ್ಕೆ ಹೋಯಿತು ಆ ಮಾತು. ಹೀಗೆ ಹದಿನಾಲ್ಕು ಸಲ. ಮೇಷ್ಟ್ರ ಮಂಡಿ ಹಳೇ ಬಾಗಿಲಿನಂತೆ ಕಿರುಗುಟ್ಟತೊಡಗಿತು.

ನಾಲ್ಕು ಗಂಟೆಗೆ ಇಬ್ಬರೂ ಮೇಷ್ಟ್ರ ಹಜಾರದಲ್ಲಿ, ಮೇಷ್ಟ್ರೇ ಮಾಡಿದ ಟೀ ಕುಡಿಯುತ್ತ, ಅಣ್ಣ ತಂಗಿಯರ ಹಾಗೆ ಕೂತಿದ್ದರು.

"ಒಂದೇ ಕೋಣೇಲಿ ಕೂತ್ರೆ ತಾಳ ಕೂಡುತ್ತೆ. ನಾನು ಊದಿದ ಹಾಗೆ ಇವಳು ತುಳೀತಾಳೆ," ಎಂದರು ತಾತ.

"ನಾನು ಕೆಳಗೆ ಬರಲ್ಲ."

"ನಾನು ಅಷ್ಟು ಮೇಲೆ ಹತ್ತಲ್ಲ. ನಡುವೆ ಮೇಷ್ಟ್ರ ಮನೆ ಇದೆಯಲ್ಲ."

ಮೇಷ್ಟ್ರು ಲೋಟ ಕೆಳಗಿಟ್ಟರು. "ಇದು ನಾನು ಬರೆಯೋ ಜಾಗ."

"ನೋಡಿ, ಈಗ ನಿಮಗೂ ನಮಗೂ ತಕರಾರು ಬಂತು," ಟೈಲರಮ್ಮ ಸಮಾಧಾನವಾಗಿ ಹೇಳಿದಳು. "ಮಧ್ಯೆ ಯಾರಾದ್ರೂ ಬೇಕಾಗುತ್ತೆ."

ಆ ಹೊತ್ತಿಗೆ ಸರಿಯಾಗಿ ಹೆಂಡತಿ ಕೆಲಸದಿಂದ ಬಂದಳು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ಇವಳು ಹೇಳಿದ ಹಾಗೇ ಆಗಲಿ," ಎಂದರು. ಇಬ್ಬರೂ ತಲೆಯಾಡಿಸಿದರು. ಪಾಪ, ಸ್ವಂತ ಹೆಂಡತಿ ತನ್ನ ಪಕ್ಷವೇ ಅನ್ನುವುದೂ ಇವರಿಗೆ ಹೊಳೆಯಲಿಲ್ಲವಲ್ಲ ಎಂದು ಮೇಷ್ಟ್ರಿಗೆ ಒಳಗೊಳಗೇ ನಗು.

ಆಕೆ ಮೂವರ ಮಾತನ್ನೂ ಕೇಳಿದಳು. ಆಮೇಲೆ ಮೇಜಿನ ಮೇಲಿನ ಕಾಗದ ಎತ್ತಿ ಗಂಡನ ಕೈಗಿಟ್ಟು, "ಈ ಮೇಜು ಪಕ್ಕಕ್ಕೆ ಸರಿಸಿ, ಮಷೀನ್ ಇಲ್ಲಿರಲಿ. ತಾತ ಕಿಟಕಿ ಪಕ್ಕ. ನೀವು ಮೆಟ್ಟಿಲ ಮೇಲೆ ಕೂತು ಬರೀರಿ," ಎಂದಳು.

"ನೀನು ನನ್ನ ಹೆಂಡತಿ ಕಣೇ."

"ಅದು ಸರಿ. ಆ ಜೇಬು ಮುಚ್ಚಿಹೋದ ಕೋಟು ನಂದು. ಮೂರು ತಿಂಗಳಿಂದ ಇವರ ಜಗಳದಲ್ಲಿ ಸಿಕ್ಕಿಹಾಕ್ಕೊಂಡಿದೆ. ಮಧ್ಯಸ್ಥರಿಗೂ ಅವರದೇ ಲಾಭ ಇರುತ್ತೆ ಅಂತ ಬೆಳಿಗ್ಗೆ ನೀವೇ ಓದಿ ಹೇಳಿದ್ರಲ್ಲ."

ಮಷೀನು ಮೇಲಿನಿಂದ ಇಳಿದು ಬಂತು, ಮೇಷ್ಟ್ರು ಮೆಟ್ಟಿಲ ಮೇಲೆ ಕೂತರು. ಮೂರನೆಯ ಸಾಲಿಗೆ ಇಷ್ಟು ಗಟ್ಟಿ ಸಾಕ್ಷಿ ಯಾವ ವಿದ್ವಾಂಸನಿಗೂ ಸಿಕ್ಕಿರಲಾರದು. ಬರೆಯೋಣವೆಂದು ಜೇಬು ತಡವಿದರೆ ಪೆನ್ನು ಒಳಗೆ ಮೇಜಿನ ಮೇಲೆಯೇ ಉಳಿದಿತ್ತು. ಬಾಗಿಲು ತಟ್ಟಿದರು. ಯಾರಿಗೂ ಕೇಳಿಸಲಿಲ್ಲ. ಒಳಗೆ ಮೆರವಣಿಗೆ ಹೊರಟಿತ್ತು, ಮಷೀನು ಒಂದು ಹೆಜ್ಜೆಯೂ ತಪ್ಪದೆ ಅದರ ಹಿಂದೆ ಓಡುತ್ತಿತ್ತು, ಗಡಿಯಾರ ಐದು ಹೊಡೆದದ್ದೂ ಅದೇ ತಾಳಕ್ಕೆ.