ಹೆಣ ಸಿಗುವ ತನಕ

ಮುಖ ಕಾಣದವರೊಡನೆ ಜಗಳವಾಡುವ ಸುಖ ನನ್ನಂಥ ಪುಕ್ಕಲರಿಗೇ ಗೊತ್ತು. ಸೇಡಂನ ಶಾಲೆಯೊಂದರಲ್ಲಿ ಗಣಿತ ಹೇಳುವ ನಾನು ಹೆಡ್‌ಮಾಸ್ತರರ ಎದುರು ಎಂದೂ ಬಾಯಿ ಬಿಟ್ಟವನಲ್ಲ. ಮನೆಯಲ್ಲಂತೂ ಆ ಪ್ರಶ್ನೆಯೇ ಇಲ್ಲ. ಆದರೆ ಇಂಟರ್‌ನೆಟ್ ಕೆಫೆಯ ಪ್ಲೈವುಡ್ ಗೂಡಿನೊಳಗೆ ಕುಳಿತೆನೆಂದರೆ ನಾನು ಹುಲಿ. ಪತ್ತೇದಾರಿ ಕಾದಂಬರಿಗಳ ಹುಚ್ಚು ಹಿಡಿದವರದೊಂದು ಗುಂಪಿತ್ತು ಇಂಟರ್‌ನೆಟ್‌ನಲ್ಲಿ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟುತ್ತ ಒಬ್ಬರ ಜನ್ಮ ಒಬ್ಬರು ಜಾಲಾಡುತ್ತಿದ್ದೆವು.

ನನ್ನ ಖಾಯಂ ವೈರಿ ಶಹಾಬಾದಿನ ಮಲ್ಲಣ್ಣ. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ನಮ್ಮೆಲ್ಲರ ಮೆಚ್ಚಿನ ಪತ್ತೇದಾರ ಒಂದು ಕಾದಂಬರಿಯ ಕೊನೆಗೆ ಸೇತುವೆಯಿಂದ ಹೊಳೆಗೆ ಬಿದ್ದಿದ್ದ. ಬಿದ್ದವನು ಸತ್ತ, ಬರೆಯುವವರಿಗೂ ಬೇಸರ ಬರುವುದಿಲ್ಲವೇ ಎಂದು ನಾನು. ‘ಹೆಣ ಎಲ್ಲದ ಸರ್? ಹೆಣ ಸಿಗೋ ತನಕ ಯಾರೂ ಸತ್ತಿಲ್ಲ’ ಎಂದು ಮಲ್ಲಣ್ಣ. ವರ್ಷಗಟ್ಟಲೆ ಇದೇ ವಾದ. ಕೊನೆಕೊನೆಗೆ ಯಾರಾದರೂ ನಾಲ್ಕು ದಿನ ಕಾಣದಿದ್ದರೆ ‘ಹೆಣ ಎಲ್ಲಿ’ ಎಂದು ಕೇಳುವುದೇ ಗುಂಪಿನಲ್ಲಿ ಕುಶಲ ವಿಚಾರಿಸುವ ರೀತಿಯಾಯಿತು. ಮಧ್ಯೆ ಮಧ್ಯೆ ಮಲ್ಲಣ್ಣ ‘ಕೆಮ್ಮು ಭಾಳ ಆಗ್ಯಾದ, ನಾಳೆ ಜಗಳಾಡೋಣ’ ಎಂದು ಬರೆಯುವನು. ಸೋಲುವಾಗಲೇ ಇವನಿಗೆ ಕೆಮ್ಮು ಬರುತ್ತದೆ ಎಂದು ನಾವೆಲ್ಲ ನಗುತ್ತಿದ್ದೆವು.

ಒಂದು ದಿನ ಮಲ್ಲಣ್ಣನ ಹೆಸರಿನಿಂದಲೇ ಒಂದು ಸಾಲು ಬಂತು: ಮಲ್ಲಣ್ಣ ನಿನ್ನೆ ತೀರಿಕೊಂಡರು. ತನ್ನ ಸಾವಿನ ಸುದ್ದಿಯನ್ನು ತಾನೇ ಬಂದು ಹೇಳುವವನನ್ನು ಯಾರು ನಂಬುತ್ತಾರೆ? ಇಡೀ ಗುಂಪು ಹಬ್ಬ ಮಾಡಿತು. ‘ಹೆಣ ಎಲ್ಲಿ?’ ‘ಯಾವ ಸೇತುವೆ?’ ‘ಮುಂದಿನ ಭಾಗದಲ್ಲಿ ಗಡ್ಡ ಬಿಟ್ಟುಕೊಂಡು ಬಾ.’ ನಾನಂತೂ ಖುದ್ದಾಗಿ ಹೋಗಿ ಕೊರಳಪಟ್ಟಿ ಹಿಡಿಯೋಣವೆಂದು ರಜೆ ಹಾಕಿ ರೈಲು ಹತ್ತಿದೆ. ವಾಡಿಯಲ್ಲಿ ಗಾಡಿ ಬದಲಿಸುವಾಗ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡೆ, ಸಿಕ್ಕಿಬಿದ್ದವನ ಜೊತೆ ಕೂತು ತಿನ್ನಲಿಕ್ಕೆ.

ಶಹಾಬಾದಿನಲ್ಲಿ ಮಲ್ಲಣ್ಣನ ಮನೆಯ ಮುಂದೆ ಗಂಡಸರು ತಲೆ ತಗ್ಗಿಸಿ ಕುಳಿತಿದ್ದರು. ಕೈಯಲ್ಲಿದ್ದ ಪೊಟ್ಟಣ ಎಣ್ಣೆ ಬಿಡುತ್ತಿತ್ತು, ಅದನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯದು. ಸೇಡಂನಿಂದ ಬಂದೆ ಎಂದು ಬಾಗಿಲಲ್ಲಿ ಹೇಳಿದ್ದೇ ತಡ, ಒಳಗಿನಿಂದ ಮಲ್ಲಣ್ಣನ ಹೆಂಡತಿಯ ದನಿ ಬಂತು.

“ಜಗಳಾಡೋ ಸರ್ ಏನ್ರಿ? ಬರ್ರಿ, ಕುಂದ್ರಿ. ಏನೋ ತಂದೀರಿ, ಛಲೋ ಆತು. ಮನ್ಯಾಗ ಒಲಿ ಹಚ್ಚಂಗಿಲ್ಲ, ಹುಡುಗ್ರು ಹಸದಾವ.”

ಸಾವಾದ ಮನೆಗೆ ಬೇರೆಯವರು ಊಟ ತಂದುಕೊಡುವ ಪದ್ಧತಿ ನಮ್ಮ ಕಡೆ ಇದೆ. ಮಿರ್ಚಿ ಭಜಿ ತಂದವನು ಬಹುಶಃ ನಾನೊಬ್ಬನೇ. ಮಲ್ಲಣ್ಣನ ಎದೆಯೊಳಗೆ ಕಲ್ಲಿನ ಪುಡಿ ತುಂಬಿತ್ತಂತೆ. ಆ ಊರಿನ ಕೆಫೆಯವನಿಗೆ ಹೇಳಿ ಗಂಡನ ಹೆಸರಿನಿಂದಲೇ ಗುಂಪಿಗೆ ಸುದ್ದಿ ಬರೆಸಿದ್ದು ಆಕೆಯೇ.

“ಅಲ್ಲಿ ಮಂದಿ ಏನ್ ಬರದಾರ್ರಿ ಅಣ್ಣಾರ?” ಎಂದು ಕೇಳಿದರು. ಗಂಡ ದಿನಾ ಹೆಸರು ಹೇಳುತ್ತಿದ್ದ ಗೆಳೆಯರು ಒಂದು ಒಳ್ಳೆಯ ಮಾತು ಆಡಿರಬೇಕೆಂಬ ಆಸೆ ಆ ಕಣ್ಣಲ್ಲಿತ್ತು. ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ.

“ಯಾರೂ ನಂಬವಲ್ರು, ತಂಗಿ. ಹೆಣ ಎಲ್ಲದ ಅಂತ ಕೇಳಾಕತ್ತಾರ.”

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅತ್ತರೆಂದುಕೊಂಡೆ, ನಗುತ್ತಿದ್ದರು. ಆಮೇಲೆ ಅತ್ತರು.

“ಹಂಗಾರ ನಂಬಸಬ್ಯಾಡ್ರಿ” ಎಂದರು. “ಅದೊಂದ್ ಕಡೆರೆ ಅವರು ಬರ್ತಾರ ಅಂತ ಮಂದಿ ದಾರಿ ನೋಡ್ಲಿ.”

ನಾನು ಗುಂಪಿನಲ್ಲಿ ತುಟಿ ಬಿಚ್ಚಲಿಲ್ಲ. ಮುಂದಿನ ಮಳೆಗಾಲಕ್ಕೆ ಹೊಸ ಕಾದಂಬರಿ ಬಂತು. ಪತ್ತೇದಾರ ಬದುಕಿದ್ದ, ಮೀನುಗಾರರ ಗುಡಿಸಲಿನಲ್ಲಿ ಗಂಜಿ ಕುಡಿಯುತ್ತಿದ್ದ. ಕೆಫೆಗೆ ಹೋಗಿ ‘ಮಲ್ಲಣ್ಣ, ನಾನು ಸೋತೆ’ ಎಂದು ಬರೆದೆ. ಗುಂಪಿಗೆ ಗುಂಪೇ ಕುಣಿಯಿತು: ಇನ್ನಾದರೂ ಹೊರಗೆ ಬಾರೋ! ಬಿದ್ದವನು ಸತ್ತ ಎಂದು ವರ್ಷಗಟ್ಟಲೆ ಲೆಕ್ಕ ಬಿಡಿಸಿ ತೋರಿಸಿದ್ದ ನಾನು, ಆ ಮನೆಯನ್ನು ಕಣ್ಣಾರೆ ಕಂಡು ಬಂದಿದ್ದ ನಾನು, ಉತ್ತರ ಬಂತೇ ಎಂದು ಪರದೆ ನೋಡುತ್ತ ಕುಳಿತಿದ್ದೆ.

“ಸರ್, ಟೈಮ್ ಮುಗದದ” ಎಂದ ಕೆಫೆಯವನು.

“ಇನ್ನೊಂದ್ ತಾಸು ಇರ್ಲಿ ಬಿಡಪಾ” ಎಂದೆ.