ತಂತ್ರಾಂಶ ತಿದ್ದುವ ಸೋದರತ್ತೆ

ನಾನಾ ದೇಶಗಳಲ್ಲಿ ಕುಳಿತು ತಂತ್ರಾಂಶ ಬರೆಯುವ ಎಷ್ಟೋ ಜನ ನಮ್ಮ ಸೋದರತ್ತೆಯಿಂದ ಬೈಸಿಕೊಂಡಿದ್ದಾರೆ. ಬೈಗುಳ ಪಿರಿಯಾಪಟ್ಟಣ ಸೀಮೆಯ ಕನ್ನಡದಲ್ಲಿದ್ದುದರಿಂದ ಅವರಿಗೆ ಗೊತ್ತಾಗಿಲ್ಲ, ಅಷ್ಟೇ! ಗೊತ್ತಾಗಿದ್ದರೆ ಅರ್ಧ ಜನ ಆ ಕೆಲಸ ಬಿಟ್ಟು ಬೇರೆ ದಾರಿ ನೋಡಿಕೊಳ್ಳುತ್ತಿದ್ದರು. ಗೊತ್ತಾಗದಂತೆ ನಡುವೆ ನಿಂತು ತಡೆದವನು ನಾನು. ಅದಕ್ಕಾಗಿ ಯಾವ ದೇಶದವರೂ ನನಗೆ ಒಂದು ಹಾರ ಹಾಕಿಲ್ಲ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಅತ್ತೆ, ಮಾವ ಹೊಗೆಸೊಪ್ಪು ಬೆಳೆದು, ಮನೆ ಪಕ್ಕದ ಬ್ಯಾರನ್ನಿನಲ್ಲಿ ಹದ ಮಾಡುತ್ತಾರೆ. ಬ್ಯಾರನ್ ಎಂದರೆ ಸೊಪ್ಪನ್ನು ಕಡ್ಡಿಗೆ ಕಟ್ಟಿ ಸಾಲಾಗಿ ನೇತುಹಾಕಿ, ಕೆಳಗೆ ಬೆಂಕಿ ಉರಿಸಿ ಒಣಗಿಸುವ ಎತ್ತರದ ಕೋಣೆ. ಶಾಖ ಕಡಿಮೆಯಾದರೆ ಸೊಪ್ಪು ಕೆಡುತ್ತದೆ, ಮೀರಿದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮಾವ ಯಾರದೋ ಮಾತು ಕೇಳಿ, ಒಳಗೊಂದು ಶಾಖ ಅಳೆಯುವ ಸಾಧನ ಇಟ್ಟು, ಅದರ ಲೆಕ್ಕ ಮೊಬೈಲಿಗೆ ಬರುವಂತೆ ಒಂದು ತಂತ್ರಾಂಶ ಹಾಕಿಸಿಕೊಂಡರು. ಶಾಖ ಮೀರಿದರೆ ಮೊಬೈಲು ಗಂಟೆ ಹೊಡೆಯುತ್ತದೆ. ಅದು ಮುಕ್ತ ತಂತ್ರಾಂಶ. ಯಾರೋ ಪುಣ್ಯಾತ್ಮರು ಬರೆದು, ‘ಯಾರು ಬೇಕಾದರೂ ಬಳಸಿ, ತಪ್ಪು ಕಂಡರೆ ತಿದ್ದಿ ಕಳಿಸಿ’ ಎಂದು ಊರ ಮುಂದೆ ಇಟ್ಟದ್ದು. ತಪ್ಪು ಕಂಡರೆ ತಿದ್ದಿ ಕಳಿಸಿ! ಈ ಮಾತನ್ನು ನಮ್ಮತ್ತೆಯ ಕಣ್ಣಿಗೆ ಬೀಳುವ ಹಾಗೆ ದಪ್ಪ ಅಕ್ಷರದಲ್ಲಿ ಬರೆದವನಾರು? ಅವನೊಮ್ಮೆ ನನ್ನ ಕೈಗೆ ಸಿಗಬೇಕು!

ನನ್ನದು ಹುಣಸೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿ. ಒಂದು ದಿನ ಮಧ್ಯಾಹ್ನ ಪಹಣಿ ಪ್ರತಿ ತೆಗೆಸುವವರ ಗಲಾಟೆಯ ನಡುವೆ ಅತ್ತೆಯ ಫೋನು ಬಂತು. ಸಿಗ್ನಲ್ ಸರಿಯಿರಲಿಲ್ಲ. ಕೇಳಿಸಿದ್ದು ಎರಡೇ ಮಾತು: “ಕಾಪಾಡಿ... ಬ್ಯಾರನ್...”

ನೀವಾದರೆ ಏನು ಮಾಡುತ್ತಿದ್ದಿರಿ? ನಾನೂ ಅದನ್ನೇ ಮಾಡಿದೆ. ಗಿರಾಕಿಗಳನ್ನು ಹೊರಗೆ ನಿಲ್ಲಿಸಿ, ಶಟರ್ ಎಳೆದು, ಬೈಕ್ ಹತ್ತಿ, ದಾರಿಯುದ್ದಕ್ಕೂ ಗೊತ್ತಿರುವ ದೇವರಿಗೆಲ್ಲ ಹರಕೆ ಹೊತ್ತುಕೊಂಡು ಹೋದೆ. ಹೋಗಿ ನೋಡಿದರೆ ಬ್ಯಾರನ್ ನೆಟ್ಟಗೆ ನಿಂತಿದೆ. ಅತ್ತೆ ಜಗಲಿಯ ಮೇಲೆ ಕನ್ನಡಕ ಏರಿಸಿಕೊಂಡು ಮೊಬೈಲ್ ಹಿಡಿದು ಕುಳಿತಿದ್ದಾರೆ!

“ಬಂದ್ಯಾ? ಒಳ್ಳೇದಾಯ್ತು, ಕೂತ್ಕೊ. ಇಲ್ನೋಡು, ಈ ಕೈಪಿಡೀಲಿ ‘ಕಾಪಾಡಿ ಗುಂಡಿಯನ್ನು ಒತ್ತಿ’ ಅಂತ ಬರದವ್ರೆ. ಮೊಬೈಲಲ್ಲಿ ಹುಡುಕಿ ಹುಡುಕಿ ಸಾಕಾಯ್ತು. ಇಲ್ಲಿ ‘ಉಳಿಸಿ’ ಅಂತದೆ. ಕಾಪಾಡಿ ಎಲ್ಲದೆ?”

ನಾನು ಹೆಲ್ಮೆಟ್ ತೆಗೆದು ಜಗಲಿಯ ಮೇಲೆ ಕುಳಿತೆ. “ಎರಡೂ ಒಂದೇ ಕಣತ್ತೆ! ಯಾರೋ ‘ಸೇವ್’ ಅನ್ನೋದನ್ನ ಇಂಗ್ಲಿಷಿಂದ ಕನ್ನಡಕ್ಕೆ ಮಾಡುವಾಗ ಅಲ್ಲೊಂದು ಇಲ್ಲೊಂದು ಬರೆದಿದ್ದಾರೆ.”

“ಒಂದೇ ಆದ್ರೆ ಒಂದೇ ತರ ಬರೀಬೇಕು ತಾನೆ? ಆಧಾರಲ್ಲಿ ಒಂದೆಸ್ರು, ಕಾರ್ಡಲ್ಲಿ ಇನ್ನೊಂದೆಸ್ರು ಇದ್ರೆ ರೇಷನ್ ಕೊಡ್ತಾರೇನ್ಲಾ?”

ಅಲ್ಲೇ ಕುಳಿತು, ಅತ್ತೆ ಹೇಳಿದ್ದನ್ನು ಇಂಗ್ಲಿಷ್ ಮಾಡಿ ಕಳಿಸಿದೆ. ಕೆಲವೇ ದಿನಗಳಲ್ಲಿ ಆ ತಂತ್ರಾಂಶ ನೋಡಿಕೊಳ್ಳುವವನು ಪುಟವನ್ನು ತಿದ್ದಿ, ‘ತುಂಬಾ ಧನ್ಯವಾದ’ ಎಂದು ಬರೆದುಬಿಟ್ಟ. ಸುಮ್ಮನೆ ತಿದ್ದಿಕೊಂಡಿದ್ದರೆ ಆಗುತ್ತಿರಲಿಲ್ಲವೇ? ಧನ್ಯವಾದ ಯಾಕೆ ಬೇಕಿತ್ತು? ನನ್ನ ನೆಮ್ಮದಿ ಹಾಳಾದದ್ದು ಅವತ್ತಿನಿಂದ.

ಅತ್ತೆ ಆ ಕೈಪಿಡಿ ಮುಗಿಸಿ ಇನ್ನೊಂದಕ್ಕೆ ಹೋದರು. ಫೋಟೋ ತಿದ್ದುವ ತಂತ್ರಾಂಶ, ಅಂಗಡಿ ಲೆಕ್ಕ ಬರೆಯುವ ತಂತ್ರಾಂಶ, ಕೊನೆಗೆ ನಕ್ಷತ್ರ ನೋಡುವ ತಂತ್ರಾಂಶ! ಯಾವುದನ್ನೂ ಬಳಸುವುದಿಲ್ಲ, ಕೈಪಿಡಿ ಮಾತ್ರ ಓದುತ್ತಾರೆ. ಸೊಪ್ಪು ಕಟ್ಟುತ್ತಾ ಓದುತ್ತಾರೆ, ಹುರುಳಿ ಬೇಯಿಸುತ್ತಾ ಓದುತ್ತಾರೆ. ಒತ್ತಕ್ಷರ ತಪ್ಪಿದರೆ ನನಗೆ ಫೋನು. ಪೂರ್ಣವಿರಾಮ ಇಲ್ಲದಿದ್ದರೆ ನನಗೆ ಫೋನು. ನಾನೇನು ಕನ್ನಡಕ್ಕೆ ಜಾಮೀನು ನಿಂತವನೇ?

ಕೃಷ್ಣರಾಜನಗರದಲ್ಲಿ ನೆಂಟರ ಮನೆಯ ಗೃಹಪ್ರವೇಶ. ನಾನು ಈ ಸಾಲಿನಲ್ಲಿ ಎಲೆ ಮುಂದೆ ಕುಳಿತಿದ್ದೇನೆ, ಅತ್ತೆ ಎದುರು ಸಾಲಿನಲ್ಲಿ. ಎಲೆಯ ಪಕ್ಕದಲ್ಲೇ ಮೊಬೈಲು. ಇದ್ದಕ್ಕಿದ್ದಂತೆ ಇಡೀ ಪಂಕ್ತಿಗೆ ಕೇಳುವ ಹಾಗೆ ಕೂಗಿದರು: “ನೋಡ್ದೇನ್ಲಾ ಇವ್ರ ಕೆಲ್ಸವ! ಮೇಲೆ ಅಂತಾರೆ, ಇಟ್ಟಿರೋದು ಕೆಳಗೆ! ಒಂಚೂರಾದ್ರೂ ನೋಡ್ಕಂಡು ಮಾಡೋದ್ ಬ್ಯಾಡ್ವಾ?”

ಅವರು ಹೇಳಿದ್ದು ‘ಮೇಲಿನ ಚಿತ್ರ ನೋಡಿ’ ಎಂಬ ಸಾಲಿನ ಬಗ್ಗೆ. ಚಿತ್ರ ಕೆಳಗಿತ್ತಂತೆ. ಆದರೆ ಅತ್ತೆಯ ಮುಂದೆ ಬಗ್ಗಿದ್ದ ಬಡಿಸುವವನಿಗೆ ಅದು ಹೇಗೆ ಗೊತ್ತಾಗಬೇಕು? ಪಾಪ, ಅವನು ಬೆವತು ಹೋದ. “ತಪ್ಪಾಯ್ತು ಕಣವ್ವ, ಉಪ್ಪಿನಕಾಯಿ ಮೇಲ್ಗಡೇನೇ ಬಡಿಸ್ತೀನಿ” ಎಂದು ಅತ್ತೆಯ ಎಲೆ ಬದಲಾಯಿಸಿ, ಮೊದಲಿನಿಂದ ಬಡಿಸಿಕೊಂಡು ಬಂದ. ಅತ್ತೆಗೆ ಎರಡು ಹೋಳಿಗೆ ಸಿಕ್ಕಿತು. ನನಗೆ ಎದುರು ಸಾಲಿನವರ ನಗು ಸಿಕ್ಕಿತು.

ಇಷ್ಟಾದರೂ ನಾನು ಸಹಿಸಿಕೊಂಡಿದ್ದೆ. ನನಗೂ ನಿಜವಾಗಿ ಸಿಟ್ಟು ಬಂದದ್ದು ಬ್ಯಾರನ್ ತಂತ್ರಾಂಶದ ಹೊಸ ಆವೃತ್ತಿ ಬಂದಾಗ. ‘ಬೆಂಕಿ ಉರಿಯುತ್ತಿರುವಾಗ ಗಂಟೆಯನ್ನು ನಿಲ್ಲಿಸಬಾರದು’ ಎಂದಿರಬೇಕಾದ ಕಡೆ ಯಾರೋ ‘ನಿಲ್ಲಿಸಬಹುದು’ ಎಂದು ಬರೆದಿದ್ದರು. ಬಾರದು ಹೋಗಿ ಬಹುದು ಆಗಿತ್ತು! ನಾವು ಅವಸರವಾಗಿ ತಿದ್ದಿ ಕಳಿಸಿದೆವು. ತಂತ್ರಾಂಶ ನೋಡಿಕೊಳ್ಳುವವನಿಂದ ಉತ್ತರ ಬಂತು: ‘ಇದು ಸಣ್ಣ ತಪ್ಪು. ಮುಂದಿನ ಆವೃತ್ತಿಯಲ್ಲಿ ನೋಡೋಣ.’

ನಾನದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅತ್ತೆ ಎದ್ದು ನಿಂತರು.

“ಸಣ್ಣದಾ? ಕೊಡಗಲ್ಲಿ ಯಾವ್ದೋ ಏಲಕ್ಕಿ ಒಣಗ್ಸೋ ಹೆಂಗ್ಸು ಇದ್ನೇ ನಂಬ್ಕಂಡು, ಗಂಟೆ ನಿಲ್ಸಿ, ಮಗೀನ ಪಕ್ಕದಲ್ಲಿ ಕಣ್ ಮುಚ್ತಾಳೆ ಅಂತಿಟ್ಕೊ. ಬೆಂಕಿ ಬಂದ್ಮೇಲೆ ಅವ್ಳಿಗೆ ಮುಂದಿನ ಆವೃತ್ತಿ ತೋರುಸ್ತಾನಂತಾ? ಬರಿ ನೀನು!”

ಬರೆದೆ. ಅತ್ತೆ ನಿಂತಲ್ಲೇ ಉಸಿರು ಬಿಡದೆ ಹೇಳಿದರು. ಅವನ ಅಪ್ಪ, ಅಮ್ಮ, ಮೇಷ್ಟ್ರು, ಅವನು ಕಲಿತ ಶಾಲೆ, ಯಾರನ್ನೂ ಬಿಡಲಿಲ್ಲ. ನಾನು ಆದಷ್ಟು ಮೆತ್ತಗೆ ಮಾಡಿ ಇಂಗ್ಲಿಷಿನಲ್ಲಿ ಇಳಿಸಿದೆ. ಅತ್ತೆ ಬಗ್ಗಿ ನೋಡಿ ಕೇಳಿದರು: “ನಾನ್ ಅಷ್ಟುದ್ದ ಬೈದ್ರೆ ನಿನ್ನಿಂಗ್ಲೀಷು ಇಷ್ಟೇನಾ? ಮಿಕ್ಕಿದ್ದೆಲ್ಲೋಯ್ತು?”

“ಇಂಗ್ಲಿಷ್ ಚಿಕ್ಕ ಭಾಷೆ ಕಣತ್ತೆ” ಎಂದೆ.

ಅದಕ್ಕೂ ಸಮಾಧಾನವಾಗದೆ, ಉರಿಯುವ ಒಲೆಯ ಬಾಯಿಗೆ ಬೆರಳು ತೋರಿಸುತ್ತಾ ಬ್ಯಾರನ್ ಮುಂದೆ ನಿಂತು, ಮಾವನ ಕೈಲಿ ಫೋಟೋ ಹೊಡೆಸಿ, ಅದನ್ನೂ ಸೇರಿಸು ಎಂದರು. ಸಂಜೆಯೊಳಗೆ ತಪ್ಪು ಸರಿಹೋಗಿತ್ತು! ಅವನು ಕ್ಷಮೆ ಕೇಳಿ, ‘ಚಿತ್ರದಲ್ಲಿರುವ ಹಿರಿಯರಿಗೆ ನನ್ನ ಮೇಲೆ ಇನ್ನೂ ಕೋಪವಿದೆಯೇ?’ ಎಂದು ಕೇಳಿದ್ದ. ‘ಇಲ್ಲ, ಅವರ ಮುಖವೇ ಹಾಗೆ’ ಎಂದು ಬರೆದೆ. ಇದೊಂದನ್ನು ಮಾತ್ರ ಅತ್ತೆಗೆ ಕನ್ನಡದಲ್ಲಿ ಹೇಳಲಿಲ್ಲ.

ಈ ವರ್ಷ ಸೊಪ್ಪು ಇಳಿಸುವ ಹೊತ್ತಿಗೆ ಮಾವನಿಗೆ ಸ್ಟ್ರೋಕ್ ಹೊಡೆಯಿತು. ಮೈಸೂರಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ನಿಧಾನಕ್ಕೆ ಕೈಕಾಲು ಸುಧಾರಿಸಿತು, ಆದರೆ ಮಾತು ಮಾತ್ರ ಕಲಸಿಹೋಯಿತು. ಟವೆಲ್ ಬೇಕಾದಾಗ ಬಾಯಿಗೆ ಕತ್ತರಿ ಎಂದು ಬರುತ್ತದೆ. ಬಾಗಿಲು ಎನ್ನಲು ಹೋದರೆ ಬಸವ ಎನ್ನುತ್ತಾರೆ. ನನಗೆ ಮೊದಲು ಹೆದರಿಕೆಯಾದದ್ದೇ ಅದಕ್ಕೆ. ತಲಕಟ್ಟು ತಪ್ಪಿದರೆ ದೇಶಾಂತರದವರನ್ನು ಬಿಡದ ಈ ಹೆಂಗಸಿನ ಮನೆಯಲ್ಲಿ, ಮಾತೆಲ್ಲ ತಪ್ಪಿದ ಗಂಡ ಹೇಗೆ ಬಾಳಬೇಕು?

ಒಂದು ಭಾನುವಾರ ನೋಡಲು ಹೋದೆ. ಮಾವ ಜಗಲಿಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ನನ್ನನ್ನು ಕಂಡು ಕಣ್ಣರಳಿಸಿ, ಅತ್ತೆಯ ಕಡೆ ತಿರುಗಿ, ಕಷ್ಟಪಟ್ಟು ಹೇಳಿದರು: “ಇವ್ನಿಗೆ... ಮಳೆ ಕೊಡು. ನಂಗೂ.”

ಲೋಟ ಹಿಡಿಯುವ ಹಾಗೆ ಕೈ ಮಾಡಿದ್ದರಿಂದ ನನಗೆ ಅರ್ಥವಾಯಿತು. ಇಷ್ಟು ವರ್ಷ ಅತ್ತೆಯ ಜೊತೆ ಕೆಲಸ ಮಾಡಿದ ಅಭ್ಯಾಸ ನೋಡಿ, ಬಾಯಿ ಸುಮ್ಮನಿರಲಿಲ್ಲ. “ಮಳೆ ಅಲ್ಲ ಮಾವ, ಕಾಫಿ” ಎಂದುಬಿಟ್ಟೆ.

ಮಾವನ ಮುಖ ಬಾಡಿತು. ಅತ್ತೆ ನನ್ನತ್ತ ತಿರುಗಿದರು. ಯಾವ ದೇಶದ ಯಾವ ತಂತ್ರಾಂಶಕ್ಕೂ ಅವರು ಹಾಗೆ ನೋಡಿದ್ದಿಲ್ಲ.

“ನೀನ್ ಸುಮ್ಕಿರ್ಲಾ. ಅವ್ರು ಸರ್ಯಾಗೇ ಹೇಳವ್ರೆ.”

ಒಳಗೆ ಹೋದರು. ಸ್ಟವ್ ಹಚ್ಚಿದ ಸದ್ದು, ಲೋಟಗಳ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಕಾಫಿ ತಂದು, ಮಾವನ ಪಕ್ಕ ಕುಳಿತು, ಲೋಟವನ್ನು ಸೆರಗಿನಲ್ಲಿ ಸುತ್ತಿ ಅವರ ಎರಡೂ ಕೈಗೆ ಹಿಡಿಸಿದರು.

“ತಕಳ್ಳಿ, ಮಳೆ. ಬಿಸಿ ಅದೆ, ನಿಧಾನಕ್ಕೆ ಕುಡೀರಿ.”