ಗಂಗವ್ವನ ಸೆರಗೂ ರವಿವಾರದ ಪಿಚ್ಚರೂ

ಮೊದಲೆಲ್ಲ ಮನುಷ್ಯನಿಗೆ ಹೆದರಿಕೆ ಯಾವಾಗ ಬೇಕಾದರೂ ಬರುತ್ತಿತ್ತು. ಹಿತ್ತಲಲ್ಲಿ ಹಾವು ಕಂಡರೆ ಬರುತ್ತಿತ್ತು, ಬಾಗಿಲಿಗೆ ತಂತಿಯವನು ಬಂದು ನಿಂತರೆ ಬರುತ್ತಿತ್ತು. ಟಿ.ವಿ. ಬಂದ ಮೇಲೆ ಹೆದರಿಕೆಗೂ ಒಂದು ವೇಳಾಪಟ್ಟಿ ಆಗಿದೆ. ಬುಧವಾರ ಪತ್ತೇದಾರಿ ಧಾರಾವಾಹಿ, ಶುಕ್ರವಾರ ದೆವ್ವದ್ದು, ರವಿವಾರ ಸಂಜೆ ಹಿಂದಿ ಸಿನಿಮಾ. ಉಳಿದ ದಿನ ಧೈರ್ಯವಾಗಿರಬಹುದು. ನಾನು ಬನಹಟ್ಟಿಯಲ್ಲಿ ಕಾಲೇಜು ಹುಡುಗರಿಗೆ ಇತಿಹಾಸ ಕಲಿಸುವವನು. ಒಂದು ತಾಸಿನ ಪಾಠದಲ್ಲಿ ಎರಡು ಯುದ್ಧ ಮುಗಿಸಿ, ಸಾವಿರಾರು ತಲೆ ಉರುಳಿಸಿ, ಕೈಗೆ ಹತ್ತಿದ ಸುಣ್ಣ ಒರೆಸಿಕೊಂಡು ಚಹಾಕ್ಕೆ ಹೋಗುತ್ತೇನೆ. ಆದರೆ ಪರದೆಯ ಮೇಲೆ ಒಂದು ಬಾಗಿಲು ತಾನಾಗಿ ಕಿರ್ರೆಂದು ತೆರೆದರೆ ಸಾಕು, ನನ್ನ ಅಂಗೈ ಒದ್ದೆಯಾಗುತ್ತದೆ.

ಈಚೆಗೆ ನೋಡಿದ್ದನ್ನೇ ಹೇಳುತ್ತೇನೆ. ಶುಕ್ರವಾರದ ಧಾರಾವಾಹಿಯಲ್ಲಿ ಒಬ್ಬ ಮುದುಕ ಕಂದೀಲು ಹಿಡಿದು ಹಳೆಯ ಬಂಗಲೆಯ ಮೆಟ್ಟಿಲು ಹತ್ತುತ್ತಿದ್ದಾನೆ. ಐದು ವಾರವಾಯಿತು, ಇನ್ನೂ ಮೇಲೆ ಮುಟ್ಟಿಲ್ಲ. ಮೇಲೇನಿದೆಯೆಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವನು ಒಂದು ಮೆಟ್ಟಿಲು ಹತ್ತಿದರೆ ನಾನು ಖುರ್ಚಿಯಲ್ಲಿ ಒಂದು ಗೇಣು ಹಿಂದೆ ಸರಿಯುತ್ತೇನೆ. ಬುಧವಾರದ ಧಾರಾವಾಹಿಯಲ್ಲಿ ಕೊಲೆಗಾರ ಒಬ್ಬ ಕಾಲೇಜು ಮೇಷ್ಟ್ರೇ ಎಂದು ಗೊತ್ತಾದ ಮರುದಿನ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಒಂದು ನಮೂನೆ ನೋಡಿಕೊಂಡೆವು. ದೆವ್ವ, ಕೊಲೆ ಯಾವುದೂ ಇಲ್ಲದ ಸಂಸಾರದ ಸಿನಿಮಾವಾದರೂ ನೆಮ್ಮದಿಯಿಂದ ನೋಡೋಣವೆಂದರೆ, ಅದರಲ್ಲಿ ಅತ್ತೆ ಸೊಸೆಗೆ ನಗುನಗುತ್ತ ಹಾಲಿನ ಲೋಟ ಕೊಟ್ಟಳು. ಆ ನಗು ನನಗೆ ಸರಿಬರಲಿಲ್ಲ. ಎದ್ದು ಹೋಗಿ ಟಿ.ವಿ. ಬಂದ್ ಮಾಡಿದೆ. ಹಾಲಿನಲ್ಲಿ ಸಕ್ಕರೆ ಬಿಟ್ಟು ಮತ್ತೇನೂ ಇರಲಿಲ್ಲವೆಂದು ಮರುದಿನ ಸ್ಟಾಫ್ ರೂಮಿನಲ್ಲಿ ಕೇಳಿ ತಿಳಿದುಕೊಂಡೆ.

ಹೀಗೆ ಎದ್ದು ಹೋಗಿ ಬಂದ್ ಮಾಡುವುದು ನನ್ನ ಹಳೆಯ ಚಟ. ಟಿ.ವಿ. ಇಲ್ಲದ ಕಾಲದಲ್ಲಿ ಅದು ಬೇರೆ ರೂಪದಲ್ಲಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಸರೋಜಾಳನ್ನು ಜಮಖಂಡಿಗೆ ಪಿಚ್ಚರಿಗೆ ಕರೆದುಕೊಂಡು ಹೋದಾಗ, ಅಂಜಿಕೆಯ ದೃಶ್ಯ ಬಂದಾಗಲೆಲ್ಲ ಶೇಂಗಾ ತರುವ ನೆವದಲ್ಲಿ ಹೊರಗೆ ಹೋಗಿ ನಿಲ್ಲುತ್ತಿದ್ದೆ. ನಾಲ್ಕನೇ ಪೊಟ್ಟಣ ಮಡಿಲಿಗೆ ಬಿದ್ದಾಗ ಆಕೆ, “ರೀ, ಇದು ಪಿಚ್ಚರ್ ಏನು ಶೇಂಗಾದ ಸುಗ್ಗೀನೋ?” ಎಂದಿದ್ದಳು. ಆಗ ನಕ್ಕಿದ್ದಳು. ಈಗ ಮನೆಯ ಕಪ್ಪು-ಬಿಳುಪು ಟಿ.ವಿ.ಯನ್ನು ನಾನು ಪ್ರತಿ ರವಿವಾರ ಮೂರು ಸಲ ಬಂದ್ ಮಾಡಿ, ಆಕೆ ಮೂರು ಸಲ ಹಚ್ಚಿ, ಕಥೆಯ ಎಳೆಯೇ ತಪ್ಪಿಹೋಗಿ, ನಗು ಮುಗಿದಿದೆ. “ನೀವು ಒಂದ ಕೆಲಸಾ ಮಾಡ್ರಿ. ಕೆಳಗ ಈರಪ್ಪನವರ ಕಲರ್ ಟಿ.ವಿ. ಐತೆಲ್ಲ, ಅಲ್ಲಿ ಹೋಗಿ ನೋಡ್ರಿ. ಮಂದಿ ಮನ್ಯಾಗಿನ ಟಿ.ವಿ. ಬಂದ್ ಮಾಡೂವಷ್ಟು ಧೈರ್ಯ ನಿಮಗ ಇಲ್ಲ,” ಎಂದು ನನ್ನನ್ನು ಮೆಟ್ಟಿಲಿಳಿಸಿದಳು.

ಈರಪ್ಪನವರು ನಮ್ಮ ಮನೆಯ ಮಾಲಕರು. ಮೇಲೆ ನಾವು, ಹಿಂದುಗಡೆ ಅವರ ಸಂಸಾರ, ಕೆಳಗಿನ ಉದ್ದನೆಯ ಹಾಲಿನಲ್ಲಿ ಅವರ ಆರು ಪಾವರ್‌ಲೂಮು. ನಮ್ಮೂರಲ್ಲಿ ಕರೆಂಟು ಇದ್ದಾಗ ಮಗ್ಗ ಓಡಬೇಕು, ಕರೆಂಟು ಇದ್ದಾಗಲೇ ಟಿ.ವಿ.ಯೂ ನಡೆಯಬೇಕು. ಸಿನಿಮಾ ಇದೆಯೆಂದು ಮಗ್ಗ ನಿಲ್ಲಿಸುವ ಮಾಲಕ ಇಲ್ಲ, ಮಗ್ಗ ಇದೆಯೆಂದು ಸಿನಿಮಾ ಬಿಡುವ ನೇಕಾರನೂ ಇಲ್ಲ. ಅದಕ್ಕೇ ಈರಪ್ಪನವರು ಟಿ.ವಿ.ಯನ್ನೇ ತಂದು ಮಗ್ಗಗಳ ನಡುವೆ ಎತ್ತರದ ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ಇಟ್ಟುಬಿಟ್ಟಿದ್ದಾರೆ. ಆರು ಮಗ್ಗ ಒಟ್ಟಿಗೆ ಖಟಾಖಟಿ ಹೊಡೆಯುವಾಗ ಟಿ.ವಿ. ಎಷ್ಟು ಕೂಗಿದರೂ ಕೇಳುವುದಿಲ್ಲ. ಆದ್ದರಿಂದ ಅದರ ದನಿಯನ್ನು ಪೂರಾ ಇಳಿಸಿಯೇ ಇಟ್ಟಿರುತ್ತಾರೆ. ಅಲ್ಲಿ ಮಾತೆಲ್ಲ ಕೈಸನ್ನೆ, ಕಣ್ಸನ್ನೆ. ಚಹಾ ಬೇಕಾದರೂ ಸನ್ನೆ, ಬೈಯಬೇಕಾದರೂ ಸನ್ನೆ.

ಮೊದಲ ರವಿವಾರವೇ ನನಗೆ ಜ್ಞಾನೋದಯವಾಯಿತು. ಅಂಜಿಕೆಯೆಲ್ಲ ಇರುವುದು ಕಿವಿಯಲ್ಲಿ! ಪಿಟೀಲು ಕೊಯ್ಯುವ ಸದ್ದಿಲ್ಲದೆ ಬರುವ ದೆವ್ವ, ಬಿಳಿ ಧೋತರ ಉಟ್ಟು ಯಾರದೋ ಮನೆ ಹುಡುಕುವ ಬೀಗರ ಹಾಗೆ ಕಾಣುತ್ತದೆ. ಖಳನಾಯಕ ಗಹಗಹಿಸಿದರೆ ಹಲ್ಲುನೋವೆಂದು ಬಾಯಿ ತೆರೆದವನ ಹಾಗೆ. ಜೀವಮಾನದಲ್ಲಿ ಮೊದಲ ಸಲ ನಾನು ಒಂದು ಪೂರಾ ಸಿನಿಮಾ ಖುರ್ಚಿಯಿಂದ ಏಳದೆ ನೋಡಿದೆ. ತೀರಾ ಕೆಟ್ಟ ದೃಶ್ಯ ಬಂದರೆ ಕತ್ತು ಹೊರಳಿಸಿ ಮಗ್ಗದ ಕಡೆ ನೋಡುತ್ತಿದ್ದೆ, ಅಷ್ಟೆ.

ಮಾತು ಕೇಳಿಸದ ಸಿನಿಮಾಕ್ಕೆ ಇನ್ನೊಂದು ಸುಖವಿದೆ. ಕಥೆ ಅವರವರು ಕಟ್ಟಿಕೊಂಡದ್ದು. ಈರಪ್ಪನವರ ಅಕ್ಕ ಗಂಗವ್ವ ಇದರಲ್ಲಿ ಮುಂದಾಳು. ಐವತ್ತೈದು ದಾಟಿದ ಹೆಂಗಸು, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದಾಳೆ. ಆಕೆಯ ಕೆಲಸ ಕಂಡಿಕೆ ಸುತ್ತುವುದು. ಅಂದರೆ ಲಾಳಿಯೊಳಗೆ ಕೂಡುವ ನೂಲಿನ ಸಣ್ಣ ಸಣ್ಣ ಸುರುಳಿಗಳನ್ನು ಯಂತ್ರದ ಮೇಲೆ ತುಂಬುವುದು. ಅರಳೆಯ ಧೂಳಿಗೆ ಅಂಜಿ ಸೆರಗನ್ನು ತಲೆಯ ಮೇಲಿಂದ ತಂದು ಕೊರಳಿಗೆ ಒಂದು ಸುತ್ತು ಹಾಕಿ ಬೆನ್ನ ಹಿಂದೆ ಬಿಟ್ಟಿರುತ್ತಾಳೆ. ಕರೆಂಟು ಹೋದೊಡನೆ ತಮ್ಮನ ಜೊತೆ ಆಕೆಯ ವಾದ ಶುರು.

“ಆ ಬಿಳೀ ಮೀಸಿಯಂವ ಹುಡುಗಿ ಮಾವ. ನೋಡಿದೇನಿಲ್ಲೋ ಈರ್ಯಾ, ಹೆಂಗ ಮಾರಿ ತಿರುವಿದ!”

“ಮಾವ ಅಲ್ಲಬೇ ಅಕ್ಕಾ, ಡಾಕ್ಟರ್ ಅಂವಾ. ಕೊರಳಾಗ ನಳಿಗಿ ಇತ್ತು.”

“ಡಾಕ್ಟರ್ ಆದಂವ ಮಾವ ಆಗಬಾರದೇನ? ಸರ, ನೀವ ಹೇಳ್ರಿ, ಕಲ್ತವರು.”

ನಾನು ಕಲಿತವನ ಗತ್ತಿನಲ್ಲಿ ಎರಡೂ ಹೌದು ಎನ್ನುತ್ತಿದ್ದೆ. ಮಗ್ಗ ನಡೆದಿರುವಾಗಲೇ ಸನ್ನೆ ಮಾಡಿ ಕೇಳಿದರೆ ಎದ್ದು ನಿಂತು ಕೈಕಾಲು ಆಡಿಸಿ ಕಥೆ ಅಭಿನಯಿಸಿ ತೋರಿಸುವುದೂ ಇತ್ತು. ನಾಯಕ ಬಿದ್ದದ್ದು, ತಾಯಿ ಅತ್ತದ್ದು, ಪೊಲೀಸರು ಓಡಿದ್ದು. ನೇಕಾರರು ಮಗ್ಗದ ಹಿಂದಿನಿಂದ ಹಲ್ಲು ಕಿಸಿದು ಶಭಾಷ್ ಎಂದು ಕೈಯೆತ್ತುತ್ತಿದ್ದರು. ಕ್ಲಾಸಿನಲ್ಲಿ ನನಗೆ ಈ ಮರ್ಯಾದೆ ಎಂದೂ ಸಿಕ್ಕಿಲ್ಲ.

ನಾನು ಹೇಳಹೊರಟಿರುವ ರವಿವಾರದ ಸಿನಿಮಾದಲ್ಲಿ ನಾಯಕಿ ತುಂಬಿದ ಹೊಳೆಯಲ್ಲಿ ಬಿದ್ದಿದ್ದಳು. ನೀರು ಅವಳ ಗದ್ದದವರೆಗೆ ಬಂದಿತ್ತು. ಗಂಗವ್ವ ಕಂಡಿಕೆಯ ಯಂತ್ರವನ್ನು ಓಡಲು ಬಿಟ್ಟು, ಅದಕ್ಕೆ ಬೆನ್ನು ಮಾಡಿ, ನೆಲದ ಮೇಲೆ ಕೂತು ಬಾಯಿ ತೆರೆದು ನೋಡುತ್ತಿದ್ದಳು. ಈರಪ್ಪನವರು, ಅವರ ಹೆಂಡತಿ ಮಹಾದೇವಿ, ಮಗ್ಗದ ಮುಂದಿನ ನೇಕಾರರು, ಎಲ್ಲರ ಕಣ್ಣೂ ಹೊಳೆಯಲ್ಲಿ. ನೀರು ಬಾಯಿಗೆ ಬರುವುದನ್ನು ನನ್ನಿಂದ ನೋಡಲಾಗಲಿಲ್ಲ. ಕತ್ತು ಹೊರಳಿಸಿದೆ.

ಹೊರಳಿಸಿದ್ದಕ್ಕೇ ಕಂಡಿತು. ಗಂಗವ್ವನ ಬೆನ್ನ ಹಿಂದೆ ಬಿದ್ದಿದ್ದ ಸೆರಗು ಗಿಡ್ಡವಾಗುತ್ತಿತ್ತು. ಅದರ ತುದಿ ಯಂತ್ರದ ತಿರುಗುವ ಕಬ್ಬಿಣದ ಸರಳಿಗೆ ಸಿಕ್ಕಿತ್ತು. ಯಂತ್ರ ತನ್ನ ಪಾಡಿಗೆ ತಾನು, ನೂಲು ಸುತ್ತಿದಷ್ಟೇ ಸಮಾಧಾನದಿಂದ, ಸೆರಗನ್ನು ಸುತ್ತುತ್ತಿತ್ತು. ಒಂದು ಮೊಳ ನೆಲದ ಮೇಲಿತ್ತು. ಅರ್ಧ ಮೊಳವಾಯಿತು. ಆಮೇಲೆ ಸೆರಗು ನೆಲ ಬಿಟ್ಟು ಹಗ್ಗದ ಹಾಗೆ ಬಿಗಿಯಾಗಿ ಎದ್ದು ನಿಂತಿತು.

ನಾನು ಕೂಗಿದೆ. ಆರು ಮಗ್ಗದ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಎದ್ದು ಎರಡೂ ಕೈ ಬೀಸಿದೆ, ನನ್ನ ಕೊರಳನ್ನೇ ಹಿಡಿದು ತೋರಿಸಿದೆ. ಎದುರಿನ ನೇಕಾರ ನನ್ನನ್ನು ನೋಡಿದ, ನಕ್ಕ, ಶಭಾಷ್ ಎಂದು ಕೈಯೆತ್ತಿದ. ಹೊಳೆಯಲ್ಲಿ ಮುಳುಗುವವಳನ್ನು ಸರ್ ಬಹಳ ಛಲೋ ಮಾಡಿ ತೋರಿಸುತ್ತಾರೆ! ಗಂಗವ್ವ ಎರಡೂ ಕೈಯಿಂದ ಕೊರಳಿನ ಸೆರಗು ಹಿಡಿದಿದ್ದಳು, ಕಣ್ಣು ಹೊರಗೆ ಬಂದಿದ್ದವು. ಮಗ್ಗುಲಲ್ಲೇ ಕೂತ ಮಹಾದೇವಿ ಓರೆಗಣ್ಣಿಂದ ಅದನ್ನು ಕಂಡು, ಅತ್ತಿಗೆ ಎಂದಿನಂತೆ ಅಳುತ್ತಿದ್ದಾಳೆಂದು ತಿಳಿದು, ಸಮಾಧಾನಕ್ಕೆ ತೊಡೆ ತಟ್ಟಿ ಮತ್ತೆ ಟಿ.ವಿ.ಯತ್ತ ತಿರುಗಿದಳು. ಸೆರಗು ಹರಿದರೆ ಬದುಕಿಕೊಂಡಾಳು ಎಂದುಕೊಂಡೆ. ಆದರೆ ಅದು ಈರಪ್ಪನವರದೇ ಮಗ್ಗದ ಸೀರೆ. ಇಬ್ಬರು ಗಂಡಸರು ಹಿಡಿದು ಜಗ್ಗಿದರೂ ಹರಿಯಂಗಿಲ್ಲರಿ ಎಂದು ಅವರು ಗಿರಾಕಿಗಳಿಗೆ ಜಗ್ಗಿ ತೋರಿಸುವುದನ್ನು ನಾನೇ ಕಂಡಿದ್ದೆ.

ನಾನು ಓಡಿದೆ. ಯಾರ ಕಾಲು ತುಳಿದೆನೋ, ಯಾವ ಬುಟ್ಟಿ ಒದ್ದೆನೋ ಗೊತ್ತಿಲ್ಲ, ಕಂಡಿಕೆಗಳು ಹಾಲಿನ ತುಂಬ ಉರುಳಿದವು. ಓಡಿಹೋಗಿ ಟಿ.ವಿ. ಬಂದ್ ಮಾಡಿದೆ.

ಹೊಳೆ, ನಾಯಕಿ, ಎಲ್ಲ ಕಪ್ಪಾಯಿತು. ಹತ್ತು ಮುಖಗಳು ಸಿಟ್ಟಿನಿಂದ ನನ್ನ ಕಡೆ ತಿರುಗಿದವು. ಈರಪ್ಪನವರ ಬಾಯಿ ಆಡಿದ ರೀತಿ ನೋಡಿದರೆ, ಮನೆ ಖಾಲಿ ಮಾಡಿ ಎಂಬುದಕ್ಕಿಂತ ಕಡಿಮೆಯದೇನೂ ಇರಲಿಲ್ಲ. ನಾನು ಬೆರಳು ತೋರಿಸಿದೆ. ಈಗ ನೋಡಲು ಬೇರೇನೂ ಇಲ್ಲದ್ದರಿಂದ ಅವರು ಬೆರಳಿನ ಕಡೆ ನೋಡಿದರು. ಮಹಾದೇವಿ ಜಿಗಿದೆದ್ದು ಗೋಡೆಯ ಮೇಲಿನ ಮೇನ್ ಸ್ವಿಚ್ಚಿನ ಹಿಡಿಯನ್ನು ಎಳೆದಳು.

ಎಲ್ಲ ನಿಂತಿತು. ಆ ಹಾಲಿನಲ್ಲಿ ಸಂಜೆ ಅಷ್ಟು ನಿಶ್ಶಬ್ದವಾಗಬಲ್ಲುದೆಂದು ನನಗೆ ತಿಳಿದಿರಲಿಲ್ಲ. ಈರಪ್ಪನವರು ಕತ್ತರಿಯಿಂದ ಸೆರಗು ಕತ್ತರಿಸುವ ಸದ್ದು ಕೇಳಿತು. ಆಮೇಲೆ ಗಂಗವ್ವ ಉಸಿರೆಳೆದುಕೊಂಡ ಸದ್ದು. ಕೊರಳಿನ ಸುತ್ತ ಕೆಂಪು ಬಾಸುಂಡೆ ಎದ್ದಿತ್ತು. ಮಹಾದೇವಿ ನೀರು ಕುಡಿಸಿದಳು. ಈರಪ್ಪನವರು ಅಕ್ಕನ ಕಾಲು ಹಿಡಿದುಕೊಂಡು ಕೂಸಿನ ಹಾಗೆ ಅಳತೊಡಗಿದರು. ಗಂಗವ್ವ ಎರಡು ಗುಟುಕು ನುಂಗಿ, ಒಡೆದ ದನಿಯಲ್ಲಿ ಮೊದಲು ಕೇಳಿದ್ದು ಒಂದೇ.

“ಆ ಹುಡುಗಿ ದಡಾ ಹತ್ತಿದಳೇನ?”

ಡಾಕ್ಟರು ಬಂದು, ಏನೂ ಅಪಾಯವಿಲ್ಲ, ಎರಡು ದಿನ ಗಂಜಿ ಕೊಡಿ ಎಂದರು. ಮರುದಿನವೇ ಈರಪ್ಪನವರು ಯಂತ್ರಕ್ಕೆ ತಂತಿಯ ಜಾಳಿಗೆ ಹಾಕಿಸಿದರು. ಓಣಿಯ ತುಂಬ ನನ್ನ ಹೆಸರಾಯಿತು. “ನೋಡ್ರಿ ಕಲ್ತವರ ತಲಿ! ಕೂಗಿದ್ರ ಕೇಳಂಗಿಲ್ಲ, ಟಿ.ವಿ. ಬಂದ್ ಮಾಡಿದ್ರ ಎಲ್ಲಾರೂ ತಿರುಗಿ ನೋಡ್ತಾರ ಅಂತ ಒಂದ ಕ್ಷಣದಾಗ ಹೊಳೀತಲ್ಲ ಸರಗ!” ಎಂದು ಈರಪ್ಪನವರು ರಬಕವಿಯಿಂದ ಬಂದ ವ್ಯಾಪಾರಿಗಳಿಗೂ ಹೇಳುತ್ತಿದ್ದರು. ಸರೋಜಾ ಮಾತ್ರ ನನ್ನ ಮುಖವನ್ನೇ ನೋಡುತ್ತ ಚಹಾದ ಕಪ್ಪು ಮುಂದಿಟ್ಟಳು.

ನಿಮ್ಮೊಬ್ಬರಿಗೆ ನಿಜ ಹೇಳುತ್ತೇನೆ. ನನಗೆ ಏನೂ ಹೊಳೆದಿರಲಿಲ್ಲ. ಕಣ್ಣೆದುರು ನೋಡಬಾರದ್ದು ನಡೆಯುತ್ತಿತ್ತು. ಅಂಥ ಹೊತ್ತಿನಲ್ಲಿ ನಾನು ಜೀವಮಾನವೆಲ್ಲ ಏನು ಮಾಡಿದ್ದೇನೋ ಅದನ್ನೇ ಮಾಡಿದೆ. ಎದ್ದು ಹೋಗಿ ಟಿ.ವಿ. ಬಂದ್ ಮಾಡಿದೆ. ಅದು ಕಪ್ಪಾದರೆ ಇದೂ ನಿಲ್ಲುತ್ತದೆಂದು ನನ್ನ ಕೈ ನಂಬಿತ್ತು. ಇನ್ನೂ ನಾಚಿಕೆಯ ಮಾತೆಂದರೆ, ಆ ಮೇನ್ ಸ್ವಿಚ್ಚು ಇದ್ದದ್ದು ನನ್ನ ಖುರ್ಚಿಯ ಮೇಲಿನ ಗೋಡೆಯಲ್ಲೇ, ಕೈಯೆತ್ತಿದರೆ ಸಿಗುವಷ್ಟು ದೂರದಲ್ಲಿ. ಕ್ರಿಕೆಟ್ಟಿನಲ್ಲಿ ಔಟಾದದ್ದನ್ನು ನಿಧಾನವಾಗಿ, ಬೇರೆ ಬೇರೆ ದಿಕ್ಕಿನಿಂದ ಮತ್ತೆ ಮತ್ತೆ ತೋರಿಸುತ್ತಾರಲ್ಲ, ನನ್ನ ತಲೆಯಲ್ಲಿ ಆ ಸಂಜೆ ಹಾಗೇ ಓಡುತ್ತದೆ. ಪಾಠ ಮಾಡುವಾಗ, ಬಸ್ಸಿಗೆ ಕಾಯುವಾಗ, ಊಟದ ತಟ್ಟೆಯ ಮುಂದೆ. ಎಷ್ಟು ಸಲ ಓಡಿದರೂ ನಾನು ಟಿ.ವಿ.ಯ ಕಡೆಗೇ ಓಡುತ್ತೇನೆ. ಒಂದು ಸಲವಾದರೂ ನನ್ನ ಕೈ ಮೇಲೆ ಹೋಗುವುದಿಲ್ಲ.

ಇದು ಮಹಾದೇವಿಗೆ ಗೊತ್ತು. ಹಿಡಿ ಎಳೆಯಲು ಆಕೆ ನನ್ನ ಖಾಲಿ ಖುರ್ಚಿಯ ಮೇಲೇ ಮೊಣಕಾಲೂರಿದ್ದಳು. ಯಾರಿಗೂ ಹೇಳಿಲ್ಲ. ಮುಂದಿನ ರವಿವಾರ ನಾನು ಹೋದಾಗ ನನ್ನ ಖುರ್ಚಿಯನ್ನು ಟಿ.ವಿ.ಗೆ ಬೆನ್ನು ಮಾಡಿ, ಮಗ್ಗ ಮತ್ತು ಕಂಡಿಕೆಯ ಯಂತ್ರ ಕಾಣುವ ಹಾಗೆ ತಿರುಗಿಸಿಟ್ಟಿದ್ದಳು. “ಸರ, ನೀವು ಹಿಂಗ ಕುಂಡ್ರಿ. ನಮಗ ಧೈರ್ಯ,” ಎಂದಳು, ಅಷ್ಟೆ. ಅಂದಿನಿಂದ ಹಾಗೇ ಕೂಡುತ್ತೇನೆ, ಒಂದು ಕೈ ಸ್ವಿಚ್ಚಿನ ಹಿಡಿಯ ಮೇಲೆ. ಈ ತಿಂಗಳು ಬಂದ ನಾಲ್ಕು ಸಿನಿಮಾ ಹೇಗಿದ್ದವೆಂದು ಯಾರಾದರೂ ಕೇಳಿದರೆ ನನ್ನ ಅಭಿಪ್ರಾಯ ಇಷ್ಟೇ: ಗಂಗವ್ವ ಮೊದಲನೆಯದರಲ್ಲಿ ಅತ್ತಳು, ಎರಡನೆಯದರಲ್ಲಿ ನಕ್ಕಳು, ಉಳಿದೆರಡರಲ್ಲಿ ಮೂರು ಸಲ ಕೊರಳಿಗೆ ಕೈ ಒಯ್ದಳು.

ಕೊರಳಿಗೆ ಕೈ ಒಯ್ದಾಗಲೆಲ್ಲ ನಾನು ಹಿಡಿ ಎಳೆದಿದ್ದೇನೆ. ಮೊದಲ ಸಲ ಎಲ್ಲರೂ ಗಾಬರಿಯಾದರು. ಎರಡನೆಯ ಸಲ ಈರಪ್ಪನವರು ಕೈಮುಗಿದು, “ಸರ, ಹಿಂಗ ಮಗ್ಗ ನಡುವ ನಿಂತ್ರ ನೂಲಿನ ಎಳಿ ಹರೀತಾವರಿ,” ಎಂದರು. ಮೊನ್ನೆ ಕಥೆಯ ಕಟ್ಟಕಡೆಗೆ, ತಾಯಿ-ಮಗ ಎದುರುಬದುರಾದ ಗಳಿಗೆಯಲ್ಲಿ ಮೂರನೆಯ ಸಲ ಎಳೆದೆ. ಸದ್ದಡಗಿದ ಹಾಲಿನಲ್ಲಿ ಗಂಗವ್ವ ಸೆರಗನ್ನು ಟೊಂಕಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಎದ್ದು ಬಂದು ನನ್ನೆದುರು ನಿಂತಳು.

“ಸರ, ಜೀವಾ ಉಳಿಸೀರಿ, ಖರೆ. ಆದ್ರ ಈ ಉಳಿಸಿದ ಜೀವಾ ತಗೊಂಡು ಒಂದ ಪಿಚ್ಚರರೇ ಪೂರಾ ನೋಡಾಕ ಬಿಡ್ರಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಆಕೆಯ ಸೆರಗಿನ ತುದಿ ಎಲ್ಲಿದೆಯೆಂದು ಒಮ್ಮೆ ನೋಡಿಕೊಂಡು, ಹಿಡಿಯನ್ನು ಮೇಲಕ್ಕೆ ಎತ್ತಿದೆ.